ಎಸ್ತೇರಮ್ಮನ ಆರು ಕಪ್ ಚಹಾ

"ಅಜ್ಜಾರ, ನಿಮ್ಮ ಗುರುಗಳು ಯಾರ್ರಿ? ಅವರ ಗುರುಗಳು ಯಾರು? ನಿಮ್ಮದು ಯಾವ ಪರಂಪರೆ?"

ಶಂಭುಲಿಂಗ ಒಂದೇ ಉಸಿರಿಗೆ ಮೂರನ್ನೂ ಕೇಳಿಬಿಟ್ಟ. ಮಠದ ಅಜ್ಜಾರಾದ ಗುರುಪಾದಯ್ಯನವರು ದೀಪಕ್ಕೆ ಬತ್ತಿ ಹೊಸೆಯುತ್ತ ಕುಳಿತಿದ್ದರು. ಕೈ ನಿಲ್ಲಲಿಲ್ಲ. ಇಷ್ಟು ದಿನ ಇಲ್ಲದ ಪ್ರಶ್ನೆ ಇವತ್ತು ಎಲ್ಲಿಂದ ಬಂತು ಎಂದಷ್ಟೇ ವಿಚಾರಿಸಿದರು.

ಶಂಭುಲಿಂಗ ಮುಚ್ಚಿಡಲಿಲ್ಲ. ಮೂರು ವರ್ಷದಿಂದ ಅವನು ಗುಡ್ಡದ ಕೆಳಗಿನ ಈ ಸಣ್ಣ ಮಠದಲ್ಲಿದ್ದ. ಬರುವ ಹುಣ್ಣಿಮೆಗೆ ಅವನ ದೀಕ್ಷೆ. ಹಿಂದಿನ ದಿನ ಸಂತೆಗೆ ಹೋದಾಗ ದೊಡ್ಡ ಮಠದ ಶಿಷ್ಯರು ಸಿಕ್ಕಿದ್ದರು. ಅವರು ತಮ್ಮ ಗುರು, ಗುರುವಿನ ಗುರು, ಅವರ ಗುರು ಎಂದು ತಲೆಮಾರುಗಟ್ಟಲೆ ಹೇಳಿ, ನಿಮ್ಮ ಅಜ್ಜ ಯಾವ ಪೀಠದವರಪ್ಪಾ ಎಂದು ಕೇಳಿದ್ದರು. ಇವನಿಗೆ ಅದು ಗೊತ್ತಿರಲಿಲ್ಲ. ಅವರು ನಕ್ಕರು. ರಾತ್ರಿಯೆಲ್ಲ ಅದೇ ನಗು ಕಿವಿಯಲ್ಲಿತ್ತು. ದೀಕ್ಷೆ ತೆಗೆದುಕೊಳ್ಳುವ ಮೊದಲು ಇದೊಂದು ತಿಳಿಯಲೇಬೇಕು, ತಿಳಿಯದಿದ್ದರೆ ದೀಕ್ಷೆಯೇ ಬೇಡ ಎಂಬಲ್ಲಿಗೆ ಅವನ ಮನಸ್ಸು ಬಂದು ನಿಂತಿತ್ತು.

ಅಜ್ಜಾರು ಸಿಟ್ಟಾಗಲಿಲ್ಲ. ಕೇಳಿದ್ದು ತಪ್ಪಲ್ಲ, ಕೂಡು ಎಂದರು. ಹತ್ತಿಯ ಬುಟ್ಟಿಯನ್ನು ಅವನ ಕಡೆಗೂ ಸರಿಸಿ, ಕೈಗೆ ಕೆಲಸ ಕೊಟ್ಟು, ಕತೆ ಶುರುಮಾಡಿದರು.

ಹುಬ್ಬಳ್ಳಿಯಲ್ಲಿ ಒಬ್ಬ ಹತ್ತಿ ವ್ಯಾಪಾರಿ ಇದ್ದ ತಮ್ಮಾ. ಹೆಸರು ಕೊಟ್ರಬಸಪ್ಪ. ಒಳ್ಳೆಯ ಮನುಷ್ಯ. ಕೈ ಧಾರಾಳ, ಬಾಯಿ ಮೃದು, ಹೆಂಡತಿ ಶರಣವ್ವನ ಮಾತನ್ನು ಮೀರುವವನಲ್ಲ. ಅವನಿಗೆ ಇದ್ದದ್ದು ಒಂದೇ ಹುಚ್ಚು. ಯುರೋಪಿನ ಪಿಂಗಾಣಿ ಮತ್ತು ಮನೆಸಾಮಾನು. ರಾಜರ ಕಾಲದ್ದೆಲ್ಲ ಅವನಿಗೆ ಬೇಡ. ಅಲ್ಲಿ ದೊಡ್ಡ ಯುದ್ಧ ಮುಗಿದು, ಬಿದ್ದ ಮನೆಗಳನ್ನು ಜನ ಮತ್ತೆ ಎಬ್ಬಿಸಿಕೊಂಡರಲ್ಲ, ಆಗ ಹೊಸ ಮನೆಗೆ ಹೊಸ ನಮೂನೆಯದೇ ಬೇಕು ಎಂದು ಜರ್ಮನಿ, ಡೆನ್ಮಾರ್ಕ್, ಸ್ವೀಡನ್ ಕಡೆ ಮಾಡಿಸಿಕೊಂಡ ಸಾಮಾನು, ಅದು ಬೇಕು. ಸಣ್ಣ ಕಾಲಿನ ತೇಗದ ಕುರ್ಚಿ, ಅಣಬೆಯಾಕಾರದ ದೀಪ, ಒರಟು ಮೈಯ ಹೂದಾನಿ. ನಮ್ಮ ಕಡೆ ಅದೆಲ್ಲ ಎಲ್ಲಿ ಸಿಗಬೇಕು ಎನ್ನುತ್ತೀಯಾ? ಸಿಗುತ್ತದೆ. ಗಿರಣಿಗೆ ಯಂತ್ರ ಕೂಡಿಸಲು ಬಂದವರು, ಅಣೆಕಟ್ಟಿಗೆ ಬಂದವರು, ಆಸ್ಪತ್ರೆಗೆ ಬಂದವರು, ಎಲ್ಲರೂ ಹೋಗುವಾಗ ಮನೆ ಸಾಮಾನು ಬಿಟ್ಟೇ ಹೋದರು. ಹಡಗಿನಲ್ಲಿ ಯಾರು ಹೊರುತ್ತಾರೆ?

ಹುಚ್ಚು ಹಿಡಿದದ್ದು ಒಂದು ಹರಾಜಿನಲ್ಲಿ. ಬಾಗಿಲು ಹಾಕಿದ ಗಿರಣಿಯ ಅತಿಥಿಗೃಹದಲ್ಲಿ ಸಾಮಾನು ಕೂಗುತ್ತಿದ್ದರು. ಕೊಟ್ರಬಸಪ್ಪ ಹತ್ತಿ ತೂಗುವ ತಕ್ಕಡಿ ತರಲು ಹೋದವನು. ಮೂಲೆಯಲ್ಲಿ ಒಂದು ಕಿತ್ತಳೆ ಬಣ್ಣದ ಹೂದಾನಿ ಕಂಡಿತು. ಅದರ ಮೈಮೇಲೆ ಕರಿಯ ಬಣ್ಣ ಉಕ್ಕಿ, ಗುಳ್ಳೆಯೆದ್ದು, ಹಾಗೇ ಗಟ್ಟಿಯಾಗಿತ್ತು. ಸೀದ ಹಾಲಿನ ಪಾತ್ರೆ ಎಂದುಕೊಂಡು ಕೈಗೆತ್ತಿಕೊಂಡ. ತಿರುವಿದ. ಬುಡದಲ್ಲಿ 'ವೆಸ್ಟ್ ಜರ್ಮನಿ' ಎಂದು ಒತ್ತಿತ್ತು. ಆ ಹೆಸರಿನ ದೇಶವೇ ಈಗ ಇಲ್ಲ. ದೇಶ ಹೋಗಿದೆ, ಹೂದಾನಿ ತನ್ನ ಕೈಯಲ್ಲಿದೆ! ತಕ್ಕಡಿ ಮರೆತೇಹೋಯಿತು. ಹೂದಾನಿಯನ್ನು ಮಗುವಿನಂತೆ ಎತ್ತಿಕೊಂಡು ಮನೆಗೆ ಬಂದ. ಅದನ್ನು ನೋಡಿ ಶರಣವ್ವ, ತೊಳೆಯಲು ಹುಣಿಸೆಹಣ್ಣು ತರಲೇ ಎಂದು ಕೇಳಿದಳು.

ಅಲ್ಲಿಂದ ಅವನಿಗೆ ನಿದ್ದೆ ಇಲ್ಲ, ಊಟದ ಮೇಲೆ ಲಕ್ಷ್ಯ ಇಲ್ಲ. ಎಲ್ಲಿ ಹರಾಜು ಅಲ್ಲಿ ಕೊಟ್ರಬಸಪ್ಪ. ಹಳೆಯ ಬಂಗಲೆ ಕೆಡವುತ್ತಾರೆಂದರೆ ಗೌಂಡಿಗಿಂತ ಮೊದಲು ಕೊಟ್ರಬಸಪ್ಪ. ಗುಜರಿ ಅಂಗಡಿಯವರೆಲ್ಲ ಅವನಿಗೆ ಮಾವಂದಿರಾದರು. ಒಂದು ತಟ್ಟೆ ಸಿಕ್ಕ ದಿನ ಮನೆಮಂದಿಗೆಲ್ಲ ಹೋಳಿಗೆ. ಅವನ ಸಂತೋಷ ನೋಡುವವರಿಗೂ ಸಂತೋಷ ಆಗುತ್ತಿತ್ತು, ಅದನ್ನು ನಾನು ಇಲ್ಲ ಎನ್ನುವುದಿಲ್ಲ.

ಈಗ ಹೀಗೆ ಸಾಮಾನು ಕೂಡಿಸುವ ಕುಲದವರ ಒಂದು ಚಾಳಿ ಕೇಳು. ಸಾಮಾನು ಕೈಗೆ ಬಂದರೆ ನಾವು ನೀವು ಮುಖ ನೋಡುತ್ತೇವೆ. ಅವರು ಬುಡ ನೋಡುತ್ತಾರೆ. ಮಾಡಿದವರ ಮುದ್ರೆ ಇರುವುದು ಅಲ್ಲಿ. ಮುದ್ರೆ ಇದ್ದರೆ ಅಸಲಿ, ಇಲ್ಲದಿದ್ದರೆ ಕೆಳಗಿಟ್ಟು ಮುಂದಕ್ಕೆ. ಮೊದಮೊದಲು ಕೊಟ್ರಬಸಪ್ಪ ನೋಡಿ ತಿರುವುತ್ತಿದ್ದ. ಆಮೇಲೆ ತಿರುವಿ ನೋಡತೊಡಗಿದ. ಕಡೆಕಡೆಗೆ ತಿರುವುವುದಷ್ಟೇ ಉಳಿಯಿತು, ಮೇಲಿನ ಮುಖ ಹೇಗಿತ್ತು ಎಂದು ಶರಣವ್ವ ಕೇಳಿದರೆ ನೆನಪಿರುತ್ತಿರಲಿಲ್ಲ.

ಮಗಳನ್ನು ಕೊಟ್ಟ ಹೊಸತರಲ್ಲಿ ಬೀಗರ ಮನೆಗೆ ಮೊದಲ ಸಲ ಊಟಕ್ಕೆ ಹೋದ. ಪಡಸಾಲೆಯಲ್ಲಿ ಒಂದು ಸಣ್ಣ ಕಾಲಿನ ಕುರ್ಚಿ. ಸರಿ, ಇವನು ಅಂಗಾತ ಮಲಗಿ ಅದರ ಕೆಳಗೆ ತಲೆ ತೂರಿಸಿದ. ಒಳಗಿಂದ ಬಂದ ಬೀಗರಿಗೆ ಕಂಡದ್ದು ನೆಲದ ಮೇಲಿನ ಎರಡು ಕಾಲು. ಮೂರ್ಛೆ ಬಂತೆಂದು ಹೌಹಾರಿ, ನೀರು ಚಿಮುಕಿಸಿ, ಕೈಗೆ ಬೀಗದಕೈ ಗೊಂಚಲು ತುರುಕಿದರು. ಕುರ್ಚಿಯೋ, ಧಾರವಾಡದ ಬಡಿಗೇರ ಮಾಡಿದ್ದು. ಇನ್ನೊಂದು ಸಲ ಯಾರೋ ಸಾಹೇಬರ ಮನೆಯಲ್ಲಿ ಹೂದಾನಿಯನ್ನು ಹೂವು ನೀರು ಸಮೇತ ತಿರುವಿ ಸಾಹೇಬರ ಮಡಿಲು ತೋಯಿಸಿದ. ಇಂಥವು ಹತ್ತಾರು. ಮನೆಗೆ ಬಂದು ತಪ್ಪಾಯಿತೆನ್ನುವನು, ಮರುದಿನ ಮತ್ತೆ ಅದೇ.

ಎಷ್ಟು ಕೂಡಿಸಿದರೂ ಒಂದು ಮಾತ್ರ ಸಿಕ್ಕಿರಲಿಲ್ಲ. ಡೆನ್ಮಾರ್ಕಿನಲ್ಲಿ ಒಬ್ಬ ಕುಂಬಾರ್ತಿ ಇದ್ದಳಂತೆ. ಆಕೆ ಮಾಡಿದ್ದು ಕೆಲವೇ ಕೆಲವು ಚಹಾ ಸೆಟ್ಟು. ಆರು ಕಪ್ಪು, ಕಪ್ಪಿನಡಿಗೆ ಇಡುವ ಆರು ಬಸಿ, ಚಹಾ ಬಗ್ಗಿಸುವ ಒಂದು ಕಿಟ್ಲಿ. ಕಪ್ಪುಗಳು ಒಂದರಂತೆ ಒಂದಿಲ್ಲ, ಆರಕ್ಕೆ ಆರು ಬಣ್ಣ. ಬುಡದಲ್ಲಿ ಹೆಸರಿಲ್ಲ. ಹಸಿ ಮಣ್ಣಿಗೆ ಒತ್ತಿದ ಹೆಬ್ಬೆರಳ ಗುರುತು, ಅದರ ಮಗ್ಗುಲಿಗೆ ಗೀರಿದ ಒಂದು ಸಣ್ಣ ಮೀನು. ಅದರ ಚಿತ್ರವನ್ನು ಕೊಟ್ರಬಸಪ್ಪ ಒಂದು ವಿಲಾಯತಿ ಪುಸ್ತಕದಲ್ಲಿ ನೋಡಿದ್ದ. ಇದೊಂದು ಮನೆಗೆ ಬಂದರೆ ಸಾಕು, ಬೇರೆ ಏನೂ ಕೇಳುವುದಿಲ್ಲ ಎಂದು ದೇವರಿಗೆ ದಿನಾ ಹೇಳಿಕೊಳ್ಳುತ್ತಿದ್ದ. ದೇವರು ಈ ಮಾತನ್ನು ಎಷ್ಟು ಜನರಿಂದ ಕೇಳಿದ್ದಾನೋ.

ಒಂದು ದಿನ ಬೆಳಗಾವಿಯಿಂದ ವಿರೂಪಾಕ್ಷಿ ಬಂದ. ಅವನೂ ಇದೇ ರೋಗದವನು. ಬಂದವನೇ ಹಣೆ ಹಣೆ ಬಡಿದುಕೊಂಡ. ಗದಗಿನಾಚೆ ಒಂದು ಊರಿನಲ್ಲಿ ಎಸ್ತೇರಮ್ಮ ಎಂಬ ಮುದುಕಿ ಇದ್ದಾಳೆ. ಮೊದಲು ಅಲ್ಲಿಯ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಆಗ ಅಲ್ಲಿದ್ದ ಡೆನ್ಮಾರ್ಕಿನ ಡಾಕ್ಟರಮ್ಮ ಊರಿಗೆ ಮರಳುವಾಗ ತನ್ನ ಮನೆಸಾಮಾನನ್ನೆಲ್ಲ ಆಕೆಗೆ ಕೊಟ್ಟುಹೋದಳು. ಅದರಲ್ಲಿ ಆರು ಬಣ್ಣದ ಕಪ್ಪಿನ ಸೆಟ್ಟು ಇದೆ! ಕಣ್ಣಾರೆ ನೋಡಿದೆ, ಆದರೆ ಕೈಯಲ್ಲಿ ಹಿಡಿಯಲಾಗಲಿಲ್ಲ ಎಂದ. ಯಾಕೆಂದರೆ ಆಕೆಯದೊಂದು ನಿಯಮ. ಚಹಾ ಕುಡಿಯುವುದಾದರೆ ಕಪ್ಪು ಕೊಡುತ್ತಾಳೆ, ನೋಡುವುದಕ್ಕೆ ಕೊಡುವುದಿಲ್ಲ. ವಿರೂಪಾಕ್ಷಿಗೆ ಹೊಟ್ಟೆಹುಣ್ಣು. ಚಹಾ ಮುಟ್ಟುವಂತಿಲ್ಲ. ಬೆಲೆ ಕೇಳಿದರೆ ಮಾರುವ ಸಾಮಾನಲ್ಲ ಎಂದಳಂತೆ. ಈಚೆಗೆ ತನ್ನ ಕೈ ನಡುಗುತ್ತದೆ, ತನ್ನ ಕೈಯಲ್ಲೇ ಒಡೆಯುವ ಮೊದಲು ಯಾರಾದರೂ ಇದರಲ್ಲಿ ಪ್ರೀತಿಯಿಂದ ಚಹಾ ಕುಡಿಯುವವರು ಸಿಕ್ಕರೆ ಹಾಗೇ ಕೊಟ್ಟುಬಿಡುತ್ತೇನೆ ಎಂದೂ ಹೇಳಿದಳಂತೆ. ಭಾನುವಾರ ಪುಣೆಯವನೊಬ್ಬ ಅಲ್ಲಿಗೆ ಹೊರಟಿದ್ದಾನೆ ಎಂಬ ಸುದ್ದಿಯನ್ನೂ ವಿರೂಪಾಕ್ಷಿ ಹೇಳಿದ.

ಆ ದಿನ ಶುಕ್ರವಾರ. ಕೊಟ್ರಬಸಪ್ಪ ಕುಳಿತಲ್ಲಿ ಕೂಡಲಿಲ್ಲ. ನಿಂತಲ್ಲಿ ನಿಲ್ಲಲಿಲ್ಲ. ಚಹಾ! ಚಹಾ ಕುಡಿಯುವುದೇ ತಾನೆ! ಹುಟ್ಟಿದಾಗಿನಿಂದ ಮಾಡುತ್ತ ಬಂದ ಕೆಲಸ! ಶನಿವಾರ ಬೆಳಕು ಹರಿಯುವುದರೊಳಗೆ ಜಳಕ ಮಾಡಿ, ಇಸ್ತ್ರಿ ಧೋತರ ಉಟ್ಟು, ಕಾರು ಹೊರಡಿಸಿದ. ಶರಣವ್ವ ಬಾಗಿಲಿಗೆ ಅಡ್ಡ ನಿಂತಳು. ಕಪ್ಪಿನಲ್ಲಿ ಚಹಾ ಇರುವಾಗ ತಿರುವಿ ಆ ತಾಯಿಯ ಮನೆ ಹೊಲಸು ಮಾಡಿ ಬರಬೇಡಿ, ಆಣೆ ಮಾಡಿ ಹೋಗಿ ಎಂದಳು. ಕೊಟ್ರಬಸಪ್ಪ ಮನೆದೇವರ ಮೇಲೆ ಆಣೆ ಮಾಡಿದ. ಕಪ್ಪಿನಲ್ಲಿ ಒಂದು ಹನಿ ಇರುವವರೆಗೂ ತಿರುವುವುದಿಲ್ಲ. ಮತ್ತೆ ತಮ್ಮಾ, ಅವನು ಆಣೆ ತಪ್ಪಲಿಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ.

ಎಸ್ತೇರಮ್ಮ ಗೇಟಿನವರೆಗೂ ಬಂದು ಕರೆದುಕೊಂಡಳು. ಬೆಳ್ಳಗಿನ ಸೀರೆ, ದಪ್ಪ ಕನ್ನಡಕ, ನಗುಮುಖ. ಚಹಾ ಕುಡಿಯಲು ಬಂದಿದ್ದೇನೆ ತಾಯಿ ಎಂದ. ಆಕೆಗೆ ಖುಷಿಯಾಯಿತು. ಬಂದವರೆಲ್ಲ ಸೆಟ್ಟು ನೋಡಲು ಬಂದಿದ್ದೇವೆ ಎನ್ನುತ್ತಿದ್ದರು. ಕಾಗದದ ಹುರಿಯಿಂದ ಹೆಣೆದ ಕುರ್ಚಿಯಲ್ಲಿ ಅವನನ್ನು ಕೂಡಿಸಿದಳು. ಅದೂ ಡೆನ್ಮಾರ್ಕಿನ ಕುರ್ಚಿ ಎಂದು ಕೊಟ್ರಬಸಪ್ಪನ ಬೆನ್ನಿಗೆ ಗೊತ್ತಾಯಿತು. ಬಗ್ಗಿ ನೋಡಬೇಕೆಂದು ಕೊರಳು ಎಳೆಯಿತು. ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಭಾರ ಹಾಕಿ ಕುಳಿತ.

ಎದುರಿನ ಗಾಜಿನ ಕಪಾಟಿನಲ್ಲಿ ಸಾಲಾಗಿ ಕುಳಿತಿದ್ದವು. ಹಳದಿ, ಬೂದು, ಇಟ್ಟಂಗಿ ಕೆಂಪು, ಪಾಚಿ ಹಸಿರು, ನೀಲಿ, ಬಿಳಿ. ಪುಸ್ತಕದಲ್ಲಿ ಇದ್ದದ್ದೇ! ಎಸ್ತೇರಮ್ಮ ಹಳದಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು. ಡಾಕ್ಟರಮ್ಮ ಕಲಿಸಿದ ಕ್ರಮದಲ್ಲಿ ಕಿಟ್ಲಿಯಲ್ಲಿ ಚಹಾ ಇಳಿಸಿ, ಹಾಲು ಬೆರೆಸಿ, ಸಕ್ಕರೆಯನ್ನು ಅಡುಗೆಮನೆಯಲ್ಲೇ ಕಲಸಿ, ನಡುಗುವ ಕೈಯಲ್ಲಿ ಹಿಡಿದು ತಂದಿಟ್ಟಳು. ಆರುವ ಮೊದಲು ಕುಡಿಯಿರಿ, ಆದರೆ ಸಾವಕಾಶ ಕುಡಿಯಿರಿ ಎಂದು ಹೇಳಿ ಬಿಸ್ಕೀಟು ತರಲು ಹೋದಳು.

ಸಾವಕಾಶ! ಅವನಿಗೆಲ್ಲಿಯ ಸಾವಕಾಶ. ನಮ್ಮ ಕಡೆ ಬಸಿಯಲ್ಲಿ ಸುರುವಿಕೊಂಡು ಕುಡಿಯುವ ಪದ್ಧತಿ ಇರುವುದು ಅವನ ಪುಣ್ಯ. ಸುರುವಿದ, ಸೊರ್ ಎಂದು ಎಳೆದ. ಮತ್ತೆ ಸುರುವಿದ, ಮತ್ತೆ ಎಳೆದ. ಬೆಂಕಿಯಂತೆ ಸುಡುತ್ತಿತ್ತು. ಕಣ್ಣಲ್ಲಿ ನೀರು ಬಂತು, ನಾಲಿಗೆಗೆ ಬೊಬ್ಬೆ ಬಂತು. ಕಪ್ಪು ಖಾಲಿ. ಬಸಿ ಖಾಲಿ. ತಿರುವಿದ.

ಹೆಬ್ಬೆರಳ ಗುರುತು! ಮಗ್ಗುಲಿಗೆ ಮೀನು!

ಎದ್ದು ಕುಣಿಯಬೇಕೆನಿಸಿತು. ಬಸಿ ತಿರುವಿದ, ಅಲ್ಲಿಯೂ ಮೀನು. ಎಲ್ಲೋ ದೂರದ ದೇಶದ ಹೆಣ್ಣುಮಗಳು ಹಸಿ ಮಣ್ಣಿಗೆ ಒತ್ತಿದ ಬೆರಳಿನ ಗೆರೆ ಗೆರೆಯೂ ಕಾಣುತ್ತಿತ್ತು. ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟು ನೋಡಿದ. ಮೈ ಜುಮ್ಮೆಂದಿತು. ಎಸ್ತೇರಮ್ಮ ಬರುವ ಸಪ್ಪಳ ಕೇಳಿ ಕಪ್ಪನ್ನು ನೆಟ್ಟಗೆ ಇಟ್ಟ.

"ಚಾ ಹೆಂಗಾಗೈತ್ರಿ?" ಎಂದು ಆಕೆ ಕೇಳಿದಳು.

"ಅಮೃತ ಆಗೈತಿ ತಾಯಿ," ಎಂದ ಕೊಟ್ರಬಸಪ್ಪ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಆ ವ್ಯವಹಾರದಲ್ಲಿ ಒಂದು ಮೋಸ ಇದೆ. ಆರರಲ್ಲಿ ಒಂದೆರಡು ಒಡೆದುಹೋದರೆ ಎಲ್ಲಿಯದೋ ಕಪ್ಪು ತಂದು ಸೇರಿಸಿ ಸೆಟ್ಟು ಪೂರ್ತಿ ಮಾಡಿರುತ್ತಾರೆ. ಮೇಲಿಂದ ನೋಡಿದರೆ ತಿಳಿಯುವುದಿಲ್ಲ. ಹಳದಿ ಅಸಲಿ. ಬೂದು? ಆ ಸಂಶಯ ಬಂದದ್ದೇ ಬಂತು, ಆರರ ಬುಡವನ್ನೂ ನೋಡಿಯೇ ಏಳಬೇಕೆನಿಸಿತು. ನೋಡಲು ಕೇಳುವಂತಿಲ್ಲ. ಇರುವುದು ಒಂದೇ ದಾರಿ. ಇಂಥ ಚಹಾ ಜನ್ಮದಲ್ಲಿ ಕುಡಿದಿಲ್ಲ, ಇನ್ನೊಂದು ಸಿಕ್ಕೀತೇ ತಾಯಿ, ಆ ಬೂದು ಕಪ್ಪಿನಲ್ಲಿ ಎಂದು ಕೇಳಿಯೇಬಿಟ್ಟ.

ಎಸ್ತೇರಮ್ಮನ ಮುಖ ಅರಳಿತು. ದೊಡ್ಡ ದೊಡ್ಡ ಊರಿನವರು ಬಂದು ಅರ್ಧ ಕಪ್ಪು ಬಿಟ್ಟು ಎದ್ದಿದ್ದರು. ಮತ್ತೊಂದು ಬೇಕೆಂದು ಕೇಳಿದವರು ಯಾರೂ ಇರಲಿಲ್ಲ. ಆಕೆ ಲಗುಬಗೆಯಿಂದ ಬೂದು ಕಪ್ಪು ತೆಗೆದಳು.

ಬೂದು ಕಪ್ಪಿನಲ್ಲಿ ಮೀನು ಇತ್ತು. ಇಟ್ಟಂಗಿ ಬಣ್ಣದ್ದರಲ್ಲಿ ಕುಡಿಯುವಾಗ ನಾಲಿಗೆ ಏನೋ ಹೇಳಲು ಬಂತು. ಕೊಟ್ರಬಸಪ್ಪ ಅದರ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅಷ್ಟರಲ್ಲಿ ಬುಡ ಕಂಡಿತು, ಮೀನು ಕಂಡಿತು, ನಾಲಿಗೆ ಸುಮ್ಮನಾಯಿತು. ಪಾಚಿ ಬಣ್ಣದ್ದನ್ನು ಅವನೇ ಕೇಳಬೇಕಾಗಲಿಲ್ಲ, ಆಕೆಯೇ ತಂದಳು. ಅದರ ಜೊತೆಗೆ ಕುಳಿತು ಡಾಕ್ಟರಮ್ಮನ ಕತೆಯನ್ನೂ ಹೇಳಿದಳು. ರಾತ್ರಿಯೆಲ್ಲ ಹೆರಿಗೆ ಮಾಡಿಸಿ ಬಂದಾಗ ಆ ಡಾಕ್ಟರಮ್ಮ ಈ ಕಪ್ಪಿನಲ್ಲಿ ತಾನೇ ಚಹಾ ಮಾಡಿ ನರ್ಸುಗಳಿಗೆ ಕೊಡುತ್ತಿದ್ದಳಂತೆ. ಹೋಗುವ ದಿನ ಎಸ್ತೇರಮ್ಮನ ಎರಡೂ ಕೈ ಹಿಡಿದು ಏನೋ ಒಂದು ಮಾತು ಹೇಳಿದಳಂತೆ. ಏನು ಹೇಳಿದಳೆಂದು ನನ್ನನ್ನು ಕೇಳಬೇಡ ತಮ್ಮಾ. ನಾನು ಇದನ್ನು ಕೊಟ್ರಬಸಪ್ಪನಿಂದ ಕೇಳಿದ್ದು, ಆಕೆ ಹೇಳುವಾಗ ಅವನು ನೀಲಿ ಕಪ್ಪಿನ ಕಡೆ ನೋಡುತ್ತಿದ್ದ.

ನೀಲಿ ಅಸಲಿ. ಬಿಳಿ ಉಳಿಯಿತು. ಅವನ ಹೊಟ್ಟೆ ನಗಾರಿ ಆಗಿತ್ತು. ಬಿಳಿ ಕಪ್ಪು ಬಂದಾಗ ಕೈ ಜೋಡಿಸಿ ದೇವರನ್ನು ನೆನೆದ. ಕುಡಿದ. ತಿರುವಿದ. ಮೀನು! ಆರಕ್ಕೆ ಆರು! ಜಗತ್ತಿನಲ್ಲಿ ಎಷ್ಟು ಮನೆಯಲ್ಲಿ ಇದ್ದಾವು ಇಂಥವು! ಕಣ್ಣು ತುಂಬಿ ಬಂತು ಅವನಿಗೆ. ಅತ್ತೇಬಿಟ್ಟ.

ಎಸ್ತೇರಮ್ಮ ಆ ಕಣ್ಣೀರು ನೋಡಿದಳು. ತನ್ನ ಚಹಾ ಕುಡಿದು ಒಬ್ಬ ಮನುಷ್ಯ ಅಳುತ್ತಿದ್ದಾನೆ! ಆಕೆಯ ಮನಸ್ಸು ಅಲ್ಲಿಗೆ ಗಟ್ಟಿಯಾಯಿತು. ಒಳಗಿಂದ ಒಂದು ಬಿದಿರಿನ ಬುಟ್ಟಿ ತಂದಳು, ಹಳೆಯ ಸೀರೆಗಳನ್ನು ತಂದಳು. ಇನ್ನು ಇವು ನಿಮ್ಮವು, ಮನೆಮಂದಿಯೆಲ್ಲ ಇದರಲ್ಲೇ ಕುಡಿಯಬೇಕು, ಕಪಾಟಿನಲ್ಲಿ ಕೂಡಿಹಾಕಬಾರದು ಎಂದಳು. ಕೊಟ್ರಬಸಪ್ಪ ಬಗ್ಗಿ ಆಕೆಯ ಪಾದ ಮುಟ್ಟಿದ. ಕಪ್ಪುಗಳನ್ನು ತೊಳೆದು, ಒರೆಸಿ, ಒಂದೊಂದನ್ನೂ ಸೀರೆಯಲ್ಲಿ ಸುತ್ತಿ ಆಕೆ ಬುಟ್ಟಿಗಿಟ್ಟಳು. ಬುಟ್ಟಿಯನ್ನು ಅವನ ತೊಡೆಯ ಮೇಲೆ ಇರಿಸಿದಳು. ಅವನು ಎರಡೂ ಕೈಯಲ್ಲಿ ತಬ್ಬಿಕೊಂಡ. ಪುಣೆಯವನ ನೆನಪಾಗಿ ಒಳಗೊಳಗೇ ನಕ್ಕ. ಶರಣವ್ವನಿಗೆ ಹೇಗೆ ಹೇಳುವುದು, ವಿರೂಪಾಕ್ಷಿಯನ್ನು ಯಾವತ್ತು ಊಟಕ್ಕೆ ಕರೆಯುವುದು, ಎಲ್ಲ ಲೆಕ್ಕ ಹಾಕತೊಡಗಿದ.

ಹಳದಿ ಕಪ್ಪೊಂದನ್ನು ಮಾತ್ರ ಬುಟ್ಟಿಗೆ ಹಾಕದೆ ಹೊರಗೆ ಉಳಿಸಿದ್ದಳು. ಕಡೆಯ ಸಲ ಇದರಲ್ಲಿ ನಾನೂ ಒಂದು ಕುಡಿದು ಕಳಿಸುತ್ತೇನೆ ಎಂದು ಎಸ್ತೇರಮ್ಮ ಒಳಗೆ ಹೋದಳು. ಬಂದವರು ಕುಡಿದ ಮೇಲೆ ಮನೆಯವರು ಕುಡಿಯುವುದು ಆಕೆಯ ರೂಢಿ. ಕಿಟ್ಲಿಯಲ್ಲಿ ಉಳಿದದ್ದನ್ನು ಬಗ್ಗಿಸಿಕೊಂಡು, ಅವನಿಗೆ ಹಾಕಿದ ಹಾಗೇ ಅರ್ಧ ಚಮಚ ಹಾಕಿ ಕಲಸಿ, ತಂದು ಅವನ ಎದುರಿಗೆ ಕುಳಿತಳು. ತುಟಿಗೆ ಹಚ್ಚಿದಳು.

ಆಕೆಯ ಮುಖ ಹಾಗೇ ನಿಂತಿತು.

ಎದ್ದು ಒಳಗೆ ಹೋದಳು. ಡಾಕ್ಟರಮ್ಮ ಬಿಟ್ಟುಹೋದ ಎರಡು ಜಾಡಿ ಅಡುಗೆಮನೆಯಲ್ಲಿದ್ದವು. ಎರಡೂ ಒಂದೇ ಬಣ್ಣ, ಒಂದೇ ಆಕಾರ. ಎಡಗಡೆಯದು ಸಕ್ಕರೆ, ಬಲಗಡೆಯದು ಉಪ್ಪು, ಅಷ್ಟೇ ಗುರುತು. ಮುಂಜಾನೆ ಪಾತ್ರೆ ತಿಕ್ಕುವವಳು ಕಟ್ಟೆ ಒರೆಸಿ ಜಾಡಿಗಳನ್ನು ಅದಲು ಬದಲು ಇಟ್ಟುಹೋಗಿದ್ದಳು. ಎಸ್ತೇರಮ್ಮ ಎಡಗಡೆಯ ಜಾಡಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು. ಹೊರಗೆ ಬಂದಳು.

"ಇದನ್ನ ಆರು ಸಲ ಕುಡಿದ್ರೇನ್ರಿ?"

"ಆರಕ್ಕ ಆರೂ ಅಮೃತ ಇದ್ದುವು ತಾಯಿ," ಎಂದ ಕೊಟ್ರಬಸಪ್ಪ, ಬುಟ್ಟಿಯಿಂದ ತಲೆ ಎತ್ತದೆ.

ಆಕೆ ಹಳದಿ ಕಪ್ಪನ್ನು ಅವನ ಕೈಗೆ ಕೊಟ್ಟು ಕುಡಿಯಿರಿ ಎಂದಳು. ಅದರ ಬುಡವನ್ನು ಅವನು ಆಗಲೇ ನೋಡಿದ್ದ. ಅವಸರವಿರಲಿಲ್ಲ. ಬಸಿಗೆ ಸುರುವಲಿಲ್ಲ. ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡ. ಉಪ್ಪು! ಬರೀ ಉಪ್ಪು! ಕೆಮ್ಮು ಬಂತು, ಮೂಗಿಗೆ ಏರಿತು. ಬುಟ್ಟಿ ಬೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡೇ ಕೆಮ್ಮಿದ. ಕೆಮ್ಮು ನಿಂತಾಗ ಆಕೆಯ ಮುಖ ನೋಡಿದ. ಬಂದಾಗ ಗೇಟಿನಲ್ಲಿದ್ದ ನಗು ಅಲ್ಲಿರಲಿಲ್ಲ.

ಎಸ್ತೇರಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ತೊಡೆಯ ಮೇಲಿನ ಬುಟ್ಟಿಯನ್ನು ಮೆಲ್ಲಗೆ ಎತ್ತಿಕೊಂಡಳು. ಸೀರೆ ಬಿಚ್ಚಿ ಬೂದು ಕಪ್ಪನ್ನು ಕಪಾಟಿಗೆ ಇಟ್ಟಳು. ಆಮೇಲೆ ಇಟ್ಟಂಗಿ. ಆಕೆಯ ಕೈ ನಡುಗುತ್ತಿತ್ತು, ಕಪ್ಪು ಬಸಿ ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಒಂದೊಂದು ಸಪ್ಪಳಕ್ಕೂ ಕೊಟ್ರಬಸಪ್ಪನ ಜೀವ ಬಾಯಿಗೆ ಬರುತ್ತಿತ್ತು. ನಾಚಿಕೆಯಿಂದ ನೆಲ ಬಿರಿಯಬಾರದೇ ಅನಿಸಿತು. ಆದರೂ ಆಸೆ ಬಿಡಲಿಲ್ಲ. ಏನಾದರೂ ಹೇಳಬೇಕು, ಆಕೆಗೆ ಸಂತೋಷವಾಗುವಂಥದ್ದು ಹೇಳಬೇಕು ಎಂದು ಹುಡುಕಿದ. ಅವನ ಹತ್ತಿರ ಇದ್ದದ್ದು ಒಂದೇ ಮಾತು.

"ತಾಯಿ, ಆರೂ ಅಸಲಿ ಅದಾವ್ರಿ. ನಾ ನೋಡೀನಿ."

"ಇರಬೇಕ್ರಿ," ಎಂದಳು ಎಸ್ತೇರಮ್ಮ. "ಆದ್ರ ನಾ ಕೇಳಿದ್ದು, ಚಾ ಹೆಂಗಾಗೈತಿ ಅಂತ."

ಕಪಾಟಿನ ಬಾಗಿಲು ಹಾಕಿದಳು. ನರ್ಸ್ ಅಲ್ಲವೇ, ಅಷ್ಟು ಉಪ್ಪು ಕುಡಿದವನಿಗೆ ಬಾಯಾರಿಕೆ ಆಗಿರುತ್ತದೆಂದು ಸ್ಟೀಲಿನ ತಂಬಿಗೆ ತುಂಬ ನೀರು ತಂದುಕೊಟ್ಟಳು. ಅವನು ಗಟಗಟ ಕುಡಿದ. ಕೈ ಮುಗಿದು ಹೊರಗೆ ಬಂದ. ಹುಬ್ಬಳ್ಳಿ ಸೇರುವವರೆಗೂ ಸಿಕ್ಕ ಸಿಕ್ಕ ಹೋಟೆಲಿನಲ್ಲಿ ಕಾರು ನಿಲ್ಲಿಸಿ ನೀರು ಬೇಡಿದ. ದಾಹ ಇಂಗಲಿಲ್ಲ. ಮನೆಯಲ್ಲಿ ಶರಣವ್ವ ಬಾಗಿಲಲ್ಲೇ ನಿಂತು, ಚಹಾ ಇರುವಾಗ ತಿರುವಿದಿರೇನು ಎಂದು ಕೇಳಿದಳು. ಇಲ್ಲ, ಒಂದು ಹನಿಯೂ ಚೆಲ್ಲಲಿಲ್ಲ ಎಂದು ಹೇಳಿ ಅವನು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಅಜ್ಜಾರು ಇಲ್ಲಿಗೆ ಕತೆ ನಿಲ್ಲಿಸಿ ಹತ್ತಿಯ ಬುಟ್ಟಿ ಎತ್ತಿಟ್ಟರು.

ಶಂಭುಲಿಂಗನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿತ್ತು. ಕೊಟ್ರಬಸಪ್ಪ ಬೀಗರ ಮನೆಯಲ್ಲಿ ಮಲಗಿದ್ದು, ಹೊಟ್ಟೆ ನಗಾರಿಯಾದದ್ದು, ಉಪ್ಪಿನ ಚಹಾಕ್ಕೆ ಅಮೃತ ಎಂದದ್ದು, ಒಂದೊಂದನ್ನೂ ನೆನೆದು ಮತ್ತೆ ನಕ್ಕ. ಪಾಪ, ಎಷ್ಟು ಹತ್ತಿರ ಬಂದು ತಪ್ಪಿಹೋಯಿತಲ್ಲ ಎಂದು ಮರುಗಿದ. ಇಂಥ ಮಬ್ಬು ಮನುಷ್ಯರೂ ಇರುತ್ತಾರೆಯೇ ಎಂದ. ಆಮೇಲೆ ಕಣ್ಣೊರೆಸಿಕೊಂಡು, ತಾನು ಕೇಳಿದ್ದು ಹಾಗೇ ಉಳಿಯಿತು, ಹುಣ್ಣಿಮೆ ಹತ್ತಿರ ಬಂತು, ಗುರುಗಳ ಹೆಸರನ್ನು ಈಗಲಾದರೂ ಹೇಳಬೇಕು ಎಂದು ವಿನಯದಿಂದ ಜ್ಞಾಪಿಸಿದ.

ಅಜ್ಜಾರು ಹೊಸೆದ ಬತ್ತಿಗಳನ್ನು ಕಟ್ಟಿ ಅವನ ಕೈಗೆ ಕೊಟ್ಟರು.

"ಹೆಸರು ಈಗಲೇ ಹೇಳ್ತೀನಿ ತಮ್ಮಾ, ಮೂರು ವರ್ಷ ನನ್ನ ಕೈಯಾಗ ಕುಡಿದೀಯಲ್ಲ, ಸಿಹಿ ಇತ್ತೋ ಉಪ್ಪಿತ್ತೋ, ಮೊದಲು ಅದನ್ನ ಹೇಳು."